ಆಯ್ತಕ್ಕನ ಸೋದರಮಾವ

“ನಮ್ಮ ಸೋದರಮಾವ…” ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಯ್ತಕ್ಕ ಅದನ್ನು ಹಾಗೇ ನುಂಗಿಕೊಂಡಳು. ಫೋನಿನ ಆ ಕಡೆ ಕುರ್ಚಿಯಮ್ಮ ಕಾಯುತ್ತಿದ್ದರು. ಅವರ ಅಡುಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುವ ಸದ್ದೂ ಇಲ್ಲಿಗೆ ಕೇಳಿಸುತ್ತಿತ್ತು.

“ಹೇಳಮ್ಮ, ಕುರ್ಚಿ ಆಯ್ತಾ?”

“ಇಲ್ಲ.”

“ಯಾಕೆ, ಏನಾಯ್ತು?”

ಏನಾಯ್ತು ಎಂಬ ಪ್ರಶ್ನೆಗೆ ಅವಳಲ್ಲಿ ಯಾವತ್ತೂ ಉತ್ತರದ ಬರ ಇರಲಿಲ್ಲ. ಬಟ್ಟೆ ಬಂದಿಲ್ಲ, ಯಂತ್ರ ಕೆಟ್ಟಿದೆ, ಬೀಗದ ಕೈ ಬೀಗದೊಳಗೇ ಮುರಿದುಕೊಂಡಿದೆ, ಬೆರಳಿಗೆ ಮೊಳೆ ಚುಚ್ಚಿದೆ. ಇದ್ಯಾವುದೂ ಸಾಲದಾದರೆ ಸೋದರಮಾವ. ಆದರೆ ಈ ಹೆಂಗಸಿಗೆ ಮಾವನನ್ನು ಈಗಾಗಲೇ ಒಮ್ಮೆ ಖರ್ಚು ಮಾಡಿ ಆಗಿತ್ತು.

“ಏನೂ ಆಗಿಲ್ಲಮ್ಮ. ನಾನು ಮಾಡಿಲ್ಲ, ಅಷ್ಟೇ.”

ಆ ಕಡೆ ನಲ್ಲಿ ಬಿಗಿಯಾಗಿ ತಿರುಪಿದ ಸದ್ದಾಯಿತು. “ಭಾನುವಾರ ನಮ್ಮವರ ಹುಟ್ಟಿದ ದಿನ. ಮಕ್ಕಳು ಬರ್ತಾರೆ. ಅವರು ಕೂರ್ತಿದ್ದ ಮೂಲೆ ಖಾಲಿ ಇಟ್ಕೊಂಡು ನಾನು ಹೇಗೆ ಮಕ್ಕಳನ್ನ ಮನೆಯೊಳಗೆ ಕರೀಲಿ? ನಾಳೆ ನಾನೇ ಬರ್ತೀನಿ.” ಫೋನು ಕಟ್ಟಾಯಿತು.

ಹಳೆಯ ಸೋಫಾ, ಕುರ್ಚಿಗಳನ್ನು ಬಿಚ್ಚಿ ಹೊಸ ಮೈ ಹೊದಿಸಿಕೊಡುವ ಆ ಅಂಗಡಿಯಲ್ಲಿ ಗಿರಾಕಿಗಳಿಗೆಲ್ಲ ಅವರವರ ಸಾಮಾನಿನ ಹೆಸರೇ. ದಿವಾನದವರು, ಸ್ಟೂಲಪ್ಪ, ಕುರ್ಚಿಯಮ್ಮ. ಹೆಸರಿಡುವವರು ಯಜಮಾನರು. ತಮ್ಮ ಬಳಿ ಇಷ್ಟು ವರ್ಷ ದುಡಿದವಳಿಗೂ ಅವರೇ ಹೆಸರಿಟ್ಟಿದ್ದರು. “ಆ ಬೆಂಚು ಆಯ್ತೇನಮ್ಮ?” ಎಂದರೆ “ಆಯ್ತು ಆಯ್ತು.” “ಇನ್ನೂ ಆಗಿಲ್ವಲ್ಲ?” ಎಂದರೂ “ಆಯ್ತು, ಮಾಡ್ತೀನಿ.” ಮುಗಿದದ್ದಕ್ಕೂ ಮುಗಿಯದ್ದಕ್ಕೂ ಒಂದೇ ಮಾತು. ಹಾಗಾಗಿ ಆಯ್ತಕ್ಕ.

ಹೊಸ ಕೆಲಸ ಬಂದರೆ ಅವಳು ಹುಲಿ. ಒಂದು ಸೋಫಾದ ಮೇಲೆ ಅಂಗೈ ಆಡಿಸಿ, ಈ ಮನೆಯಲ್ಲಿ ಭಾರದವರು ಎಡಗಡೆ ಕೂರುತ್ತಾರೆ, ಯಾರೋ ಒಬ್ಬರು ತೋಳಿನ ಮೇಲೇ ಕೂತು ಮಾತಾಡುತ್ತಾರೆ ಎಂದು ಹೇಳಿಬಿಡುತ್ತಿದ್ದಳು. ಹಳೆ ಬಟ್ಟೆ ಹರಿದು, ಮೊಳೆ ಕಿತ್ತು, ಪಟ್ಟಿ ಬಿಗಿದು, ಸ್ಪ್ರಿಂಗ್ ಕಟ್ಟಿ, ನಾರು ತುಂಬುವವರೆಗೆ ಊಟದ ಪರಿವೆಯೂ ಇರುತ್ತಿರಲಿಲ್ಲ. ಆಮೇಲೆ, ಇನ್ನೇನು ಬೆನ್ನಿನ ಬಟ್ಟೆಯೊಂದನ್ನು ಕೈಹೊಲಿಗೆ ಹಾಕಿದರೆ ಮುಗಿಯಿತು ಎನ್ನುವಾಗ ಕೈ ನಿಂತುಹೋಗುತ್ತಿತ್ತು. ಅವಳು ಕೆಲಸ ಮಾಡುತ್ತಿದ್ದ ಹಿಂದಿನ ಕೋಣೆಯ ತುಂಬ, ಮುಂದಿನಿಂದ ನೋಡಿದರೆ ಸಿಂಗಾರಗೊಂಡ, ಹಿಂದಿನಿಂದ ನೋಡಿದರೆ ಎಲುಬು ಕಾಣುವ ಕುರ್ಚಿಗಳು ಗೋಡೆಗೆ ಬೆನ್ನು ಹಾಕಿ ನಿಂತಿದ್ದವು. ಆ ಕೋಣೆಯನ್ನು ಅವಳೇ ಕೇಳಿ ಪಡೆದದ್ದು. ಅಲ್ಲಿಗೆ ಯಾರೂ ಬರುತ್ತಿರಲಿಲ್ಲ.

ಗಣಿತದ ಟೀಚರ್ ಆಗಿದ್ದ ಅಕ್ಕ ಅವಳನ್ನು ಚಿಕ್ಕಂದಿನಿಂದ ಕರೆಯುತ್ತಿದ್ದದ್ದು ‘ಆರಂಭಶೂರಿ’ ಎಂದು. ಹಾಗೆ ಕರೆಯುತ್ತಲೇ ಕಾಪಾಡುತ್ತಲೂ ಬಂದಿದ್ದಳು. ಒಂದೇ ಕಟ್ಟಡದಲ್ಲಿ ಅಕ್ಕ ಮೇಲೆ, ತಂಗಿ ಕೆಳಗೆ. ಬೆಳಗ್ಗೆ ಫೋನ್ ಮಾಡಿ ಎಬ್ಬಿಸುವುದು, ಕರೆಂಟ್ ಬಿಲ್ ಕಟ್ಟುವುದು, ಕಳೆದ ಬೀಗದ ಕೈಗೆ ಬದಲಿ ಮಾಡಿಸುವುದು ಎಲ್ಲ ಅಕ್ಕನದೇ. ಸೋದರಮಾವನನ್ನು ಮೊದಲ ಸಲ ಸಾಯಿಸಿದ್ದೂ ಅಕ್ಕನೇ. ಐದನೇ ತರಗತಿಯಲ್ಲಿ ತಂಗಿ ಮತ್ತೆ ಮನೆಪಾಠ ಮಾಡದೆ ಬೆಂಚಿನ ಮೇಲೆ ನಿಂತಿದ್ದನ್ನು ಕಿಟಕಿಯಿಂದ ಕಂಡ ಏಳನೆಯ ತರಗತಿಯ ಅಕ್ಕ, ನೇರ ಒಳಗೆ ಬಂದು, “ಸರ್, ನಮ್ಮ ಸೋದರಮಾವ ತೀರಿಕೊಂಡ್ರು, ಅದಕ್ಕೇ” ಎಂದಿದ್ದಳು. ಮೇಷ್ಟರು ತಲೆ ಸವರಿ ಕೂರಿಸಿದ್ದರು. ಸಾವಿನ ಮುಂದೆ ಯಾರೂ ಲೆಕ್ಕ ಕೇಳುವುದಿಲ್ಲ ಎಂಬ ಪಾಠವೊಂದನ್ನು ಮಾತ್ರ ತಂಗಿ ಆ ವರ್ಷ ಪೂರ್ತಿ ಕಲಿತಳು.

ಕಳೆದ ತಿಂಗಳು ಅವಳು ಒಲೆಯ ಮೇಲೆ ಹಾಲಿಟ್ಟು ಕೆಲಸಕ್ಕೆ ಹೊರಟುಹೋದಳು. ಪಾತ್ರೆ ಸುಟ್ಟು ಹೊಗೆ ಮೇಲಿನ ಮನೆಗೆ ನುಗ್ಗಿತು. ಅಮ್ಮನಿಗೆ ಕೊನೆಗಾಲದಲ್ಲಿ ಮರೆವಿನ ಕಾಯಿಲೆ ಇದ್ದುದರಿಂದ ಅಕ್ಕ ಹೆದರಿದಳು. “ನಲವತ್ತನಾಲ್ಕಕ್ಕೇ ಶುರುವಾಯ್ತೇನೋ, ಹೋಗಿ ತೋರಿಸ್ಕೊಂಡು ಬಾ” ಎಂದು ದಿನ ಗೊತ್ತು ಮಾಡಿ ಕಳಿಸಿದಳು.

ಡಾಕ್ಟರು ಇನ್ನೂ ಚಿಕ್ಕ ಹುಡುಗಿ. ಸುಟ್ಟ ಪಾತ್ರೆಯ ವಿಷಯ ಬಿಟ್ಟು ಶಾಲೆಯ ವಿಷಯ ಕೇಳಿದರು. ಎರಡು ಮೂರು ಸಲ ಕರೆಸಿ, ಅಕ್ಕನೊಡನೆಯೂ ಫೋನಿನಲ್ಲಿ ಮಾತಾಡಿ, ಕೊನೆಗೆ ಹೇಳಿದರು: “ಇದು ಮರೆವಿನ ಕಾಯಿಲೆ ಅಲ್ಲ. ಈಗ ಬಂದದ್ದೂ ಅಲ್ಲ. ಎ.ಡಿ.ಎಚ್.ಡಿ. ಅಂತಾರೆ, ಗಮನ ಒಂದು ಕಡೆ ನಿಲ್ಲದಿರೋದು. ನೀವು ಹುಟ್ಟಿದಾಗಿಂದ ನಿಮ್ಮ ಜೊತೆಗೇ ಇದೆ.”

“ಅದು ಕ್ಲಾಸಲ್ಲಿ ಬೆಂಚು ಹತ್ತಿ ಕುಣಿಯೋ ಹುಡುಗರಿಗೆ ಬರೋದಲ್ವಾ? ನಾನು ಸುಮ್ನೆ ಕೂತಿರ್ತಿದ್ದೆ.”

“ಕುಣಿತ ಹೊರಗೇ ಇರಬೇಕು ಅಂತಿಲ್ಲ, ಒಳಗೂ ಇರಬಹುದು,” ಎಂದರು ಡಾಕ್ಟರು. ಆಮೇಲೆ, “ಇಷ್ಟು ವರ್ಷ ಹೇಗೆ ನಿಭಾಯಿಸಿದ್ರಿ?” ಎಂದು ಕೇಳಿದರು.

“ಸುಳ್ಳು ಹೇಳ್ಕೊಂಡು.”

ಯೋಚಿಸದೆ ಬಂದ ಮಾತು. ಅದು ಹೊರಗೆ ಬಿದ್ದ ಮೇಲೆ ಅವಳಿಗೇ ಗಾಬರಿಯಾಯಿತು. ಡಾಕ್ಟರು ನಗಲಿಲ್ಲ. ಪೆನ್ನು ಕೆಳಗಿಟ್ಟು, ಅವಳು ಕಣ್ಣೊರೆಸಿಕೊಳ್ಳುವವರೆಗೆ ಕಾದರು.

ಅಂದು ಬಸ್‌ಸ್ಟಾಪಿನಲ್ಲಿ ಕೂತು ಅವಳು ಬಸ್ಸಿನ ಮೇಲೆ ಬಸ್ಸು ಬಿಟ್ಟಳು. ಮೊದಲು ಎದೆ ಹಗುರಾಯಿತು. ಆಮೇಲೆ, ಆ ಹಗುರದ ಹಿಂದೆಯೇ, ಬೆಂಚಿನ ಮೇಲೆ ನಿಂತ ಹುಡುಗಿಯೊಬ್ಬಳು ನೆನಪಾದಳು. ಡಾಕ್ಟರು ಕೊಟ್ಟ ಮಾತ್ರೆ ತಲೆಯೊಳಗಿನ ಸಂತೆಯನ್ನು ಪೂರ್ತಿ ಎಬ್ಬಿಸಿ ಕಳಿಸಲಿಲ್ಲ. ಕೂಗುವವರನ್ನು ಮಾತ್ರ ಸ್ವಲ್ಪ ದೂರ ಸರಿಸಿತು. ಮಾತ್ರೆ ತಗೊಂಡೆನೋ ಇಲ್ಲವೋ ಎಂಬುದು ಮರೆತುಹೋಗುತ್ತಿತ್ತು, ಅದು ಬೇರೆ ಮಾತು. ಆದರೆ ಆ ದಿನದಿಂದ ಅವಳೊಂದು ನಿರ್ಧಾರ ಮಾಡಿದಳು. ಇನ್ನು ನೆಪ ಹೇಳುವುದಿಲ್ಲ.

ಅದರಿಂದ ಮೊದಲು ತೊಂದರೆಯಾದದ್ದು ಯಜಮಾನರಿಗೆ. “ಏನಮ್ಮ, ದಿವಾನದವರಿಗೆ ‘ಶುರು ಮಾಡೋಕೆ ಆಗ್ಲಿಲ್ಲ’ ಅಂದ್ಯಂತೆ? ನಿನ್ನ ಸುಳ್ಳೇ ವಾಸಿ ಇತ್ತು ಕಣಮ್ಮ. ಜನ ಸಮಾಧಾನವಾಗಿ ಮನೆಗೆ ಹೋಗ್ತಿದ್ರು,” ಎಂದು ಪೇಚಾಡಿದರು. ಕೆಲಸದಿಂದ ತೆಗೆಯುವ ಮಾತು ಮಾತ್ರ ಆಡಲಿಲ್ಲ.

ಉಳಿದದ್ದು ಹಿಂದೆ ಹೇಳಿದ ಸುಳ್ಳುಗಳು. ಅವುಗಳಲ್ಲಿ ಒಂದು ಅವಳನ್ನು ಮುಳ್ಳಿನಂತೆ ಕಾಡುತ್ತಿತ್ತು. ಡಾಕ್ಟರ ಹತ್ತಿರ ಹೋಗುವ ಮುಂಚೆ, ಕುರ್ಚಿಯ ಬಗ್ಗೆ ವಿಚಾರಿಸಿದ ಕುರ್ಚಿಯಮ್ಮನಿಗೆ ಅವಳು ಸೋದರಮಾವ ತೀರಿಕೊಂಡರೆಂದು ಹೇಳಿದ್ದಳು. ಬೇರೆ ಗಿರಾಕಿಗಳು “ಅಯ್ಯೋ ಪಾಪ” ಎಂದು ಫೋನಿಡುತ್ತಿದ್ದರು. ಇವರು ಮರುದಿನ ಬಿಳಿ ಹೂಗಳನ್ನು ಹಿಡಿದು ಬಂದುಬಿಟ್ಟರು. ಹಿಂದಿನ ಕೋಣೆಗೇ ಬಂದು, ಅವಳ ಕೈ ಹಿಡಿದು ಕೂತು, ಗಂಡನ ಕೊನೆಯ ದಿನಗಳನ್ನು ಹೇಳಿದರು. ಅವರು ಉಸಿರಿಗಾಗಿ ಒದ್ದಾಡಿದ್ದು, ತಾವು ಒಂದು ಕ್ಷಣ ಬಾಗಿಲಾಚೆ ಹೋದಾಗಲೇ ಹೋಗಿಬಿಟ್ಟದ್ದು. ಆಯ್ತಕ್ಕ ಬಿಕ್ಕಿ ಬಿಕ್ಕಿ ಅತ್ತಿದ್ದಳು.

ನಾಳೆ ತಾವೇ ಬರುವುದಾಗಿ ಕುರ್ಚಿಯಮ್ಮ ಫೋನಿನಲ್ಲಿ ಹೇಳಿದ ದಿನ ಸಂಜೆ ಅವಳು ಮೇಲಿನ ಮನೆಗೆ ಹೋಗಿ, “ನಾಳೆ ಅವರಿಗೆ ನಿಜ ಹೇಳ್ತೀನಿ” ಎಂದಳು.

ಅಕ್ಕ ತರಕಾರಿ ಹೆಚ್ಚುತ್ತಿದ್ದವಳು ತಲೆ ಎತ್ತಿದಳು. “ನಿನಗೆ ತಲೆ ಕೆಟ್ಟಿದ್ಯಾ? ಕುರ್ಚಿ ಮುಗಿಸಿ ಕೊಡು, ಸಾಕು. ಆ ಮುದುಕಿಗೆ ಯಾಕೆ ನೋವು ಕೊಡ್ತೀಯ? ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ.”

“ಮದುವೆ ಆಗೋಯ್ತಲ್ಲಕ್ಕ. ಈಗ ಸಂಸಾರ ಮಾಡ್ಬೇಕು.”

ಅಕ್ಕನಿಗೆ ನಗು ಬಂತು, ಆದರೆ ಬೇಗ ಹೋಯಿತು. “ಎಲ್ಲದಕ್ಕೂ ಈಗ ಒಂದು ಕಾಯಿಲೆ ಹೆಸರು. ನಾಳೆ ನನ್ನ ಸಿಟ್ಟಿಗೂ ಒಂದು ಹೆಸರು ಹುಡುಕ್ತಾರೆ.”

“ನನಗೆ ಹೆಸರು ಬೇಕಾಗಿತ್ತು.”

“ಹಾಗಾದ್ರೆ ಇಷ್ಟು ವರ್ಷ ನಾನು ಬೈದಿದ್ದು?” ಅಕ್ಕ ಚಾಕುವನ್ನು ಹಲಗೆಯ ಮೇಲೆ ಮೆಲ್ಲಗೆ ಇಟ್ಟಳು. “ಮನಸ್ಸಿದ್ದರೆ ಮಾರ್ಗ, ಮನಸ್ಸಿದ್ದರೆ ಮಾರ್ಗ ಅಂತ ದಿನಾ ಬೆಳಗ್ಗೆ ಹೇಳಿದ್ನಲ್ಲ. ಅದೆಲ್ಲ ತಪ್ಪಾಯ್ತಾ? ನಿನಗೆ ಮನಸ್ಸಿತ್ತು, ಆದ್ರೂ ಆಗ್ತಿರ್ಲಿಲ್ಲ ಅಂದ್ರೆ, ನಾನೇನು ಮಾಡ್ದೆ ಹಾಗಾದ್ರೆ?”

ತಂಗಿ ಸಮಾಧಾನ ಕೇಳಲು ಬಂದಿದ್ದಳೇ ಹೊರತು ಕೊಡಲು ಸಿದ್ಧಳಾಗಿ ಬಂದಿರಲಿಲ್ಲ. ಬಂದ ಹಾಗೆಯೇ ಕೆಳಗಿಳಿದು ಹೋದಳು.

ಮರುದಿನ ಕುರ್ಚಿಯಮ್ಮ ಅಂಗಡಿ ತೆರೆಯುವ ಹೊತ್ತಿಗೇ ಬಂದರು. ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿ ನಿವೃತ್ತರಾದ ಅವರಿಗೆ ಬೇಗ ಏಳುವ ಅಭ್ಯಾಸ ಹೋಗಿರಲಿಲ್ಲ. ಆಯ್ತಕ್ಕನೂ ಅಂದು ಬೇಗ ಬಂದಿದ್ದಳು. ರಾತ್ರಿ ನಿದ್ದೆ ಬಂದಿದ್ದರೆ ತಾನೆ ತಡವಾಗಿ ಏಳುವುದು. ಯಜಮಾನರು ಕತ್ತರಿ ಹಾಕುವ ಮೇಜಿನ ಹಿಂದೆ ನಿಂತಿದ್ದರು.

“ಕೂತ್ಕೊಳ್ಳಿ,” ಎಂದಳು ಆಯ್ತಕ್ಕ. ಅವರು ಕೂರಲಿಲ್ಲ. ಹಾಗಾಗಿ ಅವಳೂ ನಿಂತೇ ಹೇಳಿದಳು. “ನೀವು ಹೂ ತಂದ್ರಲ್ಲ, ಆಗ ನಮ್ಮಲ್ಲಿ ಯಾವ ಸಾವೂ ಆಗಿರ್ಲಿಲ್ಲ. ಕುರ್ಚಿ ಆಗಿರ್ಲಿಲ್ಲ, ಅದಕ್ಕೆ ಸುಳ್ಳು ಹೇಳ್ದೆ.”

ಯಜಮಾನರು ಕತ್ತರಿಯನ್ನು ಅರ್ಧಕ್ಕೇ ನಿಲ್ಲಿಸಿದರು. ಕುರ್ಚಿಯಮ್ಮನ ಮುಖ ಮೊದಲು ಅರ್ಥವಾಗದವರ ಮುಖದಂತಿತ್ತು. ಆಮೇಲೆ ಕಿವಿಯಿಂದ ಶುರುವಾಗಿ ಕೆಂಪಾಯಿತು.

“ನಮ್ಮವರ ಕೊನೇ ದಿನಗಳ ವಿಷಯ ನಾನು ಮಕ್ಕಳ ಹತ್ರಾನೂ ಹೇಳಿಲ್ಲ. ನಿನ್ನ ಹತ್ರ ಹೇಳ್ದೆ.”

“ಹೌದು.”

“ನೀನು ಅತ್ತೆ.”

“ಹೌದು.”

“ಅದೂ ನಾಟಕಾನಾ?”

“ಅದು ನಾಟಕ ಅಲ್ಲ. ಆದ್ರೆ ಅದನ್ನ ಈಗ ಹೇಳಿದ್ರೆ ನೀವು ನಂಬ್ತೀರಿ ಅಂತ ನನಗೆ ಧೈರ್ಯ ಇಲ್ಲ.”

“ನನ್ನ ಕುರ್ಚಿ ಎಲ್ಲಿ? ಹೇಗಿದ್ಯೋ ಹಾಗೆ ಕೊಡಿ.”

ಯಜಮಾನರು ಹಿಂದಿನ ಕೋಣೆಯಿಂದ ಕುರ್ಚಿಯನ್ನು ಎಳೆದು ತಂದು ಬೆಳಕಿಗಿಟ್ಟರು. ಕಡು ಹಸಿರು ಬಟ್ಟೆ ಬಿಗಿಯಾಗಿ, ಒಂದು ನೆರಿಗೆಯೂ ಇಲ್ಲದೆ ಕೂತಿತ್ತು. ತೋಳುಗಳ ಮೇಲೆ, ಸತ್ತ ಮನುಷ್ಯನ ಮೊಣಕೈ ಸವೆಸಿದ ತಗ್ಗುಗಳನ್ನು ಅವಳು ಪೂರ್ತಿ ತುಂಬಿರಲಿಲ್ಲ. ಕೈಯಿಟ್ಟರೆ ಮಾತ್ರ ತಿಳಿಯುವಷ್ಟು ಉಳಿಸಿದ್ದಳು. ಕುರ್ಚಿಯಮ್ಮ ಕೈಯಿಟ್ಟರು. ಬಹಳ ಹೊತ್ತು ಹಾಗೇ ಇಟ್ಟುಕೊಂಡಿದ್ದರು. ಆಮೇಲೆ ಹಿಂದಕ್ಕೆ ಬಂದು ತೆರೆದ ಬೆನ್ನನ್ನು ನೋಡಿದರು.

“ಇಷ್ಟೇನಾ ಬಾಕಿ?”

“ಇಷ್ಟೇ.”

“ಎಷ್ಟು ಹೊತ್ತಿನ ಕೆಲಸ?”

“ಒಂದು ಗಂಟೆ. ಹೆಚ್ಚಂದ್ರೆ ಒಂದೂವರೆ.”

“ಇದಕ್ಕಾ ಇಷ್ಟು ದಿನ? ಇದಕ್ಕಾ ಆ ಮನುಷ್ಯನ್ನ ಸಾಯಿಸಿದ್ದು?”

“ಸೂಜಿ ಹಿಡಿದು ಕೂರ್ತೀನಮ್ಮ. ಕೈ ಮುಂದಕ್ಕೆ ಹೋಗಲ್ಲ. ಬಾವಿಗೆ ಹಾರು ಅಂದ ಹಾಗಾಗುತ್ತೆ. ಅಷ್ಟರಲ್ಲಿ ಇನ್ನೊಂದು ಕಡೆ ಏನೋ ಕರೆಯುತ್ತೆ, ಎದ್ದು ಹೋಗ್ತೀನಿ. ಕಳೆದ ತಿಂಗಳು ಡಾಕ್ಟರು ಇದಕ್ಕೊಂದು ಹೆಸರು ಹೇಳಿದ್ರು. ಗಮನ ಒಂದು ಕಡೆ ನಿಲ್ಲದ ಕಾಯಿಲೆ. ಹುಟ್ಟಿನಿಂದ ಇದೆಯಂತೆ. ಕಾಯಿಲೆ ಇದೆ ಅಂತ ನೀವು ಕ್ಷಮಿಸಿ ಅಂತ ಹೇಳ್ತಿಲ್ಲ. ಕೇಳಿದ್ರಲ್ಲ, ಅದಕ್ಕೆ ಹೇಳ್ದೆ.”

ಕುರ್ಚಿಯಮ್ಮ ಕೈಚೀಲವನ್ನು ಮೇಜಿನ ಮೇಲಿಟ್ಟರು. ಒಂದು ಸ್ಟೂಲನ್ನು ಕಾಲಿನಿಂದ ಎಳೆದು ಕುರ್ಚಿಯ ಪಕ್ಕಕ್ಕೆ ಹಾಕಿಕೊಂಡು ಕೂತರು.

“ಕಾಯಿಲೆ ನಿಂದು. ಕುರ್ಚಿ ನಂದು. ನಾನಿಲ್ಲೇ ಕೂತಿರ್ತೀನಿ. ಹೊಲಿ.”

ಆಯ್ತಕ್ಕ ಬಾಗಿದ ಸೂಜಿಗೆ ದಾರ ಪೋಣಿಸಿದಳು. ಮಂಡಿಯೂರಿ ಕೂತು ಬೆನ್ನಿನ ಬಟ್ಟೆಯ ಅಂಚು ಮಡಚಿದಳು. ಎಂದಿನಂತೆ ಕೈ ನಿಂತಿತು. ಹೊರಗೆ ಯಾರೋ ಸೈಕಲ್ ನಿಲ್ಲಿಸಿದರು, ಮೇಜಿನ ಮೇಲೆ ಅಂಟಿನ ಡಬ್ಬಿಯ ಮುಚ್ಚಳ ತೆಗೆದೇ ಇತ್ತು, ದಿವಾನದವರಿಗೆ ಫೋನ್ ಮಾಡಬೇಕಿತ್ತು. ಎದ್ದೇಬಿಡುತ್ತಿದ್ದಳೇನೋ. ಆದರೆ ಪಕ್ಕದಲ್ಲಿ ಇನ್ನೊಂದು ಉಸಿರು ಇತ್ತು. ಬೈಯುತ್ತಿರಲಿಲ್ಲ, ಹೇಳಿಕೊಡುತ್ತಿರಲಿಲ್ಲ, ಗಡಿಯಾರ ನೋಡುತ್ತಿರಲಿಲ್ಲ. ಸುಮ್ಮನೆ ಇತ್ತು. ಅವಳು ಸೂಜಿಯನ್ನು ಬಟ್ಟೆಗೆ ತೂರಿಸಿದಳು. ಎಳೆದಳು. ಇನ್ನೊಂದು ಸಲ ತೂರಿಸಿದಳು.

ಒಂದು ಬದಿ ಮುಗಿದು ಮೂಲೆ ತಿರುಗಿದ ಮೇಲೆ ತಾನು ಹೊಲಿಯುತ್ತಿದ್ದೇನೆ ಎಂಬುದು ಅವಳ ಗಮನಕ್ಕೆ ಬಂತು.

“ನೀವು ಹೀಗೇ ಕೂರ್ತಿದ್ರಾ, ಆಸ್ಪತ್ರೇಲಿ?” ಎಂದು ಕೇಳಿದಳು, ತಲೆ ಎತ್ತದೆ.

“ಹೆರಿಗೆ ಕೋಣೆಯಲ್ಲಿ ಅರ್ಧ ಕೆಲಸ ಅದೇ. ನೋವು ಅವಳದು, ಕೆಲಸ ಅವಳದು. ನಾವು ಪಕ್ಕದಲ್ಲಿರ್ಬೇಕು. ಎದ್ದು ಹೋದ್ರೆ ಅವಳಿಗೆ ಗೊತ್ತಾಗಿಬಿಡುತ್ತೆ, ಕಣ್ಣು ಮುಚ್ಚಿದ್ರೂ.” ಸ್ವಲ್ಪ ತಡೆದು, ಬಿರುಸಾಗಿಯೇ ಕೇಳಿದರು: “ಆ ಅಳು ಏನು, ಹೇಳು ಈಗ.”

ಆಯ್ತಕ್ಕ ಇನ್ನೂ ನಾಲ್ಕು ಹೊಲಿಗೆ ಹಾಕಿದಳು. “ನಮ್ಮ ಮಾವ ನಿಜವಾಗ್ಲೂ ತೀರಿಕೊಂಡ್ರು. ಆರು ವರ್ಷದ ಹಿಂದೆ. ಅಕ್ಕ ಫೋನ್ ಮಾಡಿದಾಗ ನಾನಿಲ್ಲೇ ಕೆಲಸದಲ್ಲಿದ್ದೆ. ಆ ಹೊತ್ತಿಗೆ ಯಜಮಾನರ ಹತ್ರ ಅವರನ್ನ ಎಷ್ಟು ಸಲ ಸಾಯಿಸಿದ್ನೋ ನನಗೇ ಲೆಕ್ಕ ಇರ್ಲಿಲ್ಲ. ಯಾವ ಮುಖ ಇಟ್ಕೊಂಡು ರಜೆ ಕೇಳ್ಲಿ? ಹೋಗ್ಲೇ ಇಲ್ಲ. ಸಂಜೆವರೆಗೆ ಯಾರದ್ದೋ ಸೋಫಾಗೆ ಮೊಳೆ ಹೊಡ್ಕೊಂಡು ಇಲ್ಲೇ ಇದ್ದೆ. ಅಳ್ಲಿಲ್ಲ. ನೀವು ಬಂದು ಕೈ ಹಿಡಿದಾಗ ಅಳು ಬಂತು.” ದಾರ ಕಡಿದಳು. “ಎಲ್ಲಾದ್ರಲ್ಲೂ ಲೇಟು. ಅಳೋದ್ರಲ್ಲೂ.”

ಮೇಜಿನ ಹಿಂದಿನಿಂದ ಯಜಮಾನರು ಕೆಮ್ಮಿದರು. “ನಂಗೆ ಹೇಳಿದ್ರೆ ನಾನೇ ಕಾರಲ್ಲಿ ಬಿಟ್ಟು ಬರ್ತಿದ್ನಲ್ಲಮ್ಮ,” ಎಂದರು. “ಹಿಂದಿಂದೆಲ್ಲ ಸುಳ್ಳು ಅಂತ ನಂಗೆ ಗೊತ್ತಿರ್ಲಿಲ್ವಾ? ಒಬ್ಬ ಮನುಷ್ಯ ಎಷ್ಟು ಸಲ ಸಾಯ್ತಾನೆ.”

ಕುರ್ಚಿಯಮ್ಮನ ಹೆಗಲು ಅಲುಗತೊಡಗಿತು. ಅವರು ನಗುತ್ತಿದ್ದರು, ನಗಬಾರದೆಂದು ತುಟಿ ಕಚ್ಚಿಕೊಂಡು, ಸೋತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆಮೇಲೆ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡು, “ಹೊಲಿ, ಹೊಲಿ, ನಿಲ್ಲಿಸ್ಬೇಡ” ಎಂದರು.

ಮಧ್ಯಾಹ್ನದ ಊಟಕ್ಕೆ ಮುಂಚೆ ಕುರ್ಚಿ ಮುಗಿಯಿತು. ಅದನ್ನು ಗಾಡಿಗೆ ಏರಿಸಿದ ಮೇಲೆ ಕುರ್ಚಿಯಮ್ಮ ಬಾಗಿಲ ಬಳಿ ನಿಂತರು. “ನನ್ನ ಕೋಪ ಇನ್ನೂ ಹೋಗಿಲ್ಲ. ಹೋದಾಗ ಬಂದು ಹೇಳ್ತೀನಿ,” ಎಂದು ಗಾಡಿ ಹತ್ತಿದರು.

ಆಯ್ತಕ್ಕ ಯಜಮಾನರ ಕಡೆ ತಿರುಗಿದಳು. “ನನ್ನ ಮೇಜು ಇಲ್ಲಿಗೆ ತರ್ಲಾ? ನಿಮ್ಮ ಪಕ್ಕಕ್ಕೆ.”

“ಗಿರಾಕಿಗಳು ನೋಡ್ತಾರಲ್ಲಮ್ಮ, ಅರ್ಧಂಬರ್ಧ ಆಗಿರೋದನ್ನೆಲ್ಲ.”

“ನೋಡ್ಲಿ.”

ಇಬ್ಬರೂ ಸೇರಿ ಮೇಜು ಎಳೆದರು. ಒಂದೊಂದಾಗಿ ಕುರ್ಚಿಗಳನ್ನೂ ತಂದರು. ಹಿಂದಿನ ಕೋಣೆ ಖಾಲಿಯಾದಾಗ ಅದು ತಾನಂದುಕೊಂಡದ್ದಕ್ಕಿಂತ ಬಹಳ ಚಿಕ್ಕದೆಂದು ಅವಳಿಗೆ ತೋರಿತು.

ಅವತ್ತು ಸಂಜೆ ಅಕ್ಕನೇ ಕೆಳಗಿಳಿದು ಬಂದಳು. ಬಾಗಿಲಲ್ಲೇ ನಿಂತು, “ಏನಾಯ್ತು?” ಎಂದಳು. ತಂಗಿ ಎಲ್ಲವನ್ನೂ ಹೇಳಿದಳು, ಅರ್ಧಕ್ಕೇ ಬೇರೆ ಎಲ್ಲಿಗೋ ಹೋಗಿ, ಮತ್ತೆ ವಾಪಸು ಬಂದು. ಕೊನೆಗೆ ಕೇಳಿದಳು: “ನಾಳೆಯಿಂದ ಫೋನ್ ಮಾಡಿ ಎಬ್ಬಿಸ್ಬೇಡಕ್ಕ. ಅಲಾರಾಂ ಇಟ್ಕೊಳ್ತೀನಿ. ಒಂದೆರಡು ದಿನ ಲೇಟಾಗುತ್ತೆ, ಆಗ್ಲಿ. ಬದಲಿಗೆ, ಬಿಡುವಿದ್ದಾಗ ಅಂಗಡಿಗೆ ಬಂದು ನನ್ನ ಹತ್ರ ಕೂತ್ಕೋ.”

“ಕೂತು ಏನು ಮಾಡ್ಬೇಕು?”

“ಏನೂ ಇಲ್ಲ. ಸುಮ್ನೆ ಕೂತ್ಕೊಂಡ್ರೆ ಸಾಕು.”

ಅಕ್ಕ ತಂಗಿಯ ಮುಖವನ್ನು ಲೆಕ್ಕ ತಿದ್ದುವವರ ಹಾಗೆ ನೋಡಿದಳು. “ನೀನು ಹುಟ್ಟಿದಾಗಿಂದ ನಿನ್ನ ಹಿಂದೆ ಓಡಿದ್ದೀನಿ ಕಣೇ. ಕೂತ್ಕೋ ಅಂತ ಒಬ್ರೂ ಹೇಳ್ಲಿಲ್ಲ.”

ಮರುವಾರ ಆಯ್ತಕ್ಕ ಮೂರು ದಿನ ಕೆಲಸಕ್ಕೆ ತಡವಾಗಿ ಹೋದಳು. “ಎದ್ದಿರಲಿಲ್ಲ” ಎಂದಳು. ಯಜಮಾನರು “ಹೂಂ” ಎಂದರು. ಸ್ಟೂಲಪ್ಪನ ಸ್ಟೂಲು ಮುಗಿಯಿತು. ದಿವಾನದವರು ಕಾದು ಬೇಸತ್ತು ದಿವಾನವನ್ನು ವಾಪಸು ತೆಗೆದುಕೊಂಡು ಹೋದರು. ಅದಕ್ಕೆ ಯಾವ ನೆಪವೂ ಹುಡುಕದೆ ಅವಳು ಬಾಗಿಲು ಹಿಡಿದು ನಿಂತಳು.

ಶನಿವಾರ ಮಧ್ಯಾಹ್ನ ಅಕ್ಕ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು ಹಿಡಿದು ಬಂದಳು. ಎಲ್ಲಿ ಕೂರಬೇಕೆಂದು ತಿಳಿಯದೆ ಅತ್ತಿತ್ತ ನೋಡಿ, ಯಾರದ್ದೋ ಬೂದುಬಣ್ಣದ ಸೋಫಾದ ತುದಿಯಲ್ಲಿ, ಈಗಲೇ ಏಳಬೇಕೆನ್ನುವವಳ ಹಾಗೆ ಕೂತಳು. ಕೆಂಪು ಪೆನ್ನು ತೆಗೆದಳು. ತಂಗಿ ಸೂಜಿಗೆ ದಾರ ಪೋಣಿಸಿ ಒಂದು ದೊಡ್ಡ ಕುರ್ಚಿಯ ಹಿಂದೆ ಮಂಡಿಯೂರಿದಳು. ಪೆನ್ನು ಕಾಗದದ ಮೇಲೆ ಗೀಚುವ ಸದ್ದು, ದಾರ ಬಟ್ಟೆಯನ್ನು ಹಾದು ಬರುವ ಸದ್ದು, ಎರಡೇ. ಬೀದಿಯ ಬಿಸಿಲು ಗಾಜಿನಿಂದ ಒಳಬಂದು ನೆಲದ ಹತ್ತಿಯ ಎಳೆಗಳನ್ನು ಹೊಳೆಯಿಸಿತು. ಎಷ್ಟೋ ಹೊತ್ತಿನ ಮೇಲೆ ತಂಗಿ ಕುರ್ಚಿಯ ಪಕ್ಕದಿಂದ ಇಣುಕಿ ನೋಡಿದಳು. ಅಕ್ಕ ಚಪ್ಪಲಿ ಕಳಚಿ, ಎರಡೂ ಕಾಲು ಮಡಚಿ ಸೋಫಾದ ಮೇಲಿಟ್ಟುಕೊಂಡು, ಬೆನ್ನು ಪೂರ್ತಿ ಒರಗಿಸಿ, ಇನ್ನೊಂದು ಹಾಳೆ ತಿರುವುತ್ತಿದ್ದಳು.